ಗೋಡೆಯ ಮುಂದೆ ಹಾದುಹೋಗುವವರು

ಬೇಲೂರು, ಹಳೇಬೀಡಿನ ಗುಡಿಗಳ ಕೆಲವು ಶಿಲ್ಪಗಳ ಕೆಳಗೆ ಕಡೆದವರ ಹೆಸರುಗಳಿವೆ. 1117ರ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಕನ್ನಡಿ ಹಿಡಿದ ಮದನಿಕೆಯನ್ನು ಯಾರು ಎಷ್ಟು ಸಲ ಫೋಟೊ ತೆಗೆದರೂ ಅವಳಿಗೆ ನಷ್ಟವಿಲ್ಲ, ನೋಡಲೆಂದೇ ಕಡೆದದ್ದು. ಆದರೆ ಅವಳ ಕೆಳಗೆ ದಣಿವಾರಿಸಿಕೊಳ್ಳಲು ಕುಳಿತ ಮುದುಕಿ?

ಇಂಥ ಸ್ಮಾರಕಗಳ ಚಿತ್ರಗಳು ನಗರದ ಗೋಡೆಗಳಿಗೂ ಬಂದವು. 2009ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರಿಂದ ಅವನ್ನು ಬರೆಸಿತು. (ಫ್ಲೆಕ್ಸ್ ಬಂದು ಕೈ ಖಾಲಿಯಾಗಿದ್ದವರಿಗೆ ಅಷ್ಟಾದರೂ ಕೆಲಸ ಸಿಕ್ಕಿತು.) ಈಗ ಚರ್ಚ್ ಸ್ಟ್ರೀಟಿನಂಥ ಕಡೆ ಗೋಡೆಚಿತ್ರದ ಎದುರು ಕ್ಯಾಮೆರಾ ಹಿಡಿದು ಕಾಯುವವರಿದ್ದಾರೆ. ಬಣ್ಣಕ್ಕೊಪ್ಪುವ ಒಂದು ಬುರ್ಖಾ, ಒಂದು ಹೂಬುಟ್ಟಿ ಹಾದುಹೋಗಬೇಕು. ಫೋಟೊದ ಕೆಳಗೆ ತೆಗೆದವರ ಹೆಸರಿರುತ್ತದೆ. ಹಾದುಹೋದವಳ ಹೆಸರಿರುವುದಿಲ್ಲ, ಮುಖ ಮಾತ್ರ ಇರುತ್ತದೆ.

ಕೇಳಿದರೆ ಮುಖ ಬಿಗಿಯುತ್ತದೆ, ಸಹಜತೆ ಹೋಗುತ್ತದೆ ಎನ್ನುತ್ತಾರೆ. ನಿಜವೇ. ಕಥೆ ಬರೆಯುವ ನಾವೂ ಸಂತೆಯಲ್ಲಿ ಕಂಡವರನ್ನು ಕೇಳದೆಯೇ ತರುತ್ತೇವೆ. ಆದರೆ ಹೆಸರು, ಊರು, ಚಹರೆ ಬದಲಿಸಲು ನಮಗೆ ಅವಕಾಶವಿದೆ. ಕ್ಯಾಮೆರಾಕ್ಕೆ ಅದಿಲ್ಲ.

ಇನ್ನೊಬ್ಬರ ಮನೆಯೊಳಗೆ ಅನುಮತಿ ಪಡೆದು, ಸಲಾಂ ಹೇಳಿ ಹೋಗಬೇಕೆಂದು ಕುರ್‌ಆನಿನ ಅನ್ನೂರ್ ಅಧ್ಯಾಯ ಕಲಿಸುತ್ತದೆ. ಗಲ್ಲಿಗೆ ಬಾಗಿಲೆಲ್ಲಿದೆ ಎಂದು ಕೇಳಬಹುದು. ಗಲ್ಲಿಯಲ್ಲೇ ಉಂಡು ಮಲಗುವವರಿದ್ದಾರಲ್ಲ, ಅವರ ಹೊಸ್ತಿಲು ಯಾವುದು?

ಕಂಡಾಕ್ಷಣ ತೆಗೆಯಬೇಕಾದದ್ದನ್ನು ತೆಗೆಯಲಿ. ಮರುಗಳಿಗೆ ಹತ್ತಿರ ಹೋಗಿ ತೋರಿಸಲಿ, ಬೇಡವೆಂದರೆ ಅಳಿಸಲಿ. ಫಿಲ್ಮ್ ರೋಲಿನ ಕಾಲದಲ್ಲಿ ಇದು ಆಗದ ಮಾತು. ಈಗ ಹಳೇಬೀಡು ನೋಡಲು ಅರಸೀಕೆರೆಯಲ್ಲಿ ರೈಲಿಳಿಯುವ ಹುಡುಗನ ಮೊಬೈಲಿನಲ್ಲೂ ಆಗುತ್ತದೆ.