ಬಿಸಿಲಿಗಷ್ಟೇ ತೆರೆವ ನೀಲಿ

ಮೋಡ ಮುಚ್ಚಿದ ದಿನ ಆ ಬಯಲಿನಲ್ಲಿ ನಡೆದವರಿಗೆ ಏನೂ ಕಾಣುವುದಿಲ್ಲ. ಮೆಲ್ಬರ್ನ್‌ನಿಂದ ನೈಋತ್ಯಕ್ಕೆ ಕಡಲ ಬದಿ ಹಿಡಿದು ಹೋದರೆ ಸಿಗುವ ಆಂಗ್ಲ್‌ಸೀ ಎಂಬ ಊರಿನ ಬೆನ್ನಿಗೆ ಹರಡಿಕೊಂಡ ಕುರುಚಲು ನೆಲ ಅದು. ಬೂದುಬಣ್ಣದ ಮರಳು, ಮೊಣಕಾಲೆತ್ತರದ ಒರಟು ಪೊದೆ, ನಡುನಡುವೆ ಜಡೆ ಬಿಚ್ಚಿಕೊಂಡು ಕೂತ ಹುಲ್ಲುಮರಗಳು, ಎಲ್ಲಿಂದಲೋ ಬಂದು ತುಟಿಯ ಮೇಲೆ ಉಳಿಯುವ ಉಪ್ಪುಗಾಳಿ. ಅಕ್ಟೋಬರ್ ಎಂದರೆ ಅಲ್ಲಿ ನಡುವಸಂತ. ಆದರೆ ಮೋಡದ ಕೆಳಗೆ ಆ ವಸಂತ ತನ್ನ ಒಂದು ಪಾಲನ್ನು ಬಚ್ಚಿಟ್ಟುಕೊಂಡೇ ಇರುತ್ತದೆ. ಹುಲ್ಲಿನ ನಡುವೆ ಹುಲ್ಲೇ ಆಗಿ ನಿಂತ ತೆಳುವಾದ ದಂಟು, ಬುಡದಲ್ಲಿ ಒಂದೇ ಒಂದು ಎಲೆ, ತುದಿಯಲ್ಲಿ ಬಿಗಿಯಾಗಿ ಮುಚ್ಚಿಕೊಂಡ ಮೂರೋ ನಾಲ್ಕೋ ಮೊಗ್ಗು. ಅವು ನಿನ್ನೆ ಅರಳಿ ಮತ್ತೆ ಮುಚ್ಚಿದವೋ, ನಾಳೆ ಅರಳಲಿರುವವೋ, ಎಂದೂ ಅರಳದೆಯೇ ಮುಗಿದುಹೋಗುವವೋ, ನೋಡಿ ಹೇಳಲಾಗದು.

ಆಮೇಲೆ ಮೋಡ ಸರಿಯುತ್ತದೆ. ಬಿಸಿಲು ಮರಳನ್ನು ಮುಟ್ಟಿ, ಮರಳು ನಿಧಾನಕ್ಕೆ ಕಾದು, ಆ ಕಾವು ದಂಟುಗಳ ಸುತ್ತ ನೀರಿನಂತೆ ಏರತೊಡಗಿ, ಯೂಕಲಿಪ್ಟಸ್ ಎಲೆಯ ಎಣ್ಣೆವಾಸನೆ ಗಾಳಿಗೆ ಬಿಟ್ಟುಕೊಂಡು, ಹೊತ್ತು ಮಧ್ಯಾಹ್ನದ ಕಡೆ ವಾಲುವಾಗ, ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿ ಮರಳುವಷ್ಟರಲ್ಲಿ, ಬರಿ ಹುಲ್ಲು ಎಂದುಕೊಂಡಿದ್ದ ಜಾಗದಲ್ಲಿ ನೀಲಿ ಇರುತ್ತದೆ. ಆರು ಎಸಳು, ನಕ್ಷತ್ರದ ಹಾಗೆ ಬಿಚ್ಚಿಕೊಂಡು, ನೇರ ಸೂರ್ಯನಿಗೆ ಮುಖ ಕೊಟ್ಟು. ಆರ್ಕಿಡ್‌ಗಳಲ್ಲಿ ನೀಲಿ ಅಪರೂಪದ ಬಣ್ಣ. ನಮ್ಮ ಈಶಾನ್ಯದ ಖಾಸಿ ಬೆಟ್ಟಗಳ ನೀಲಿ ವಂಡಾ ಹೆಸರುವಾಸಿಯಾದದ್ದೂ ಆ ಬಣ್ಣದಿಂದಲೇ, ಆ ಹೆಸರಿನ ದೆಸೆಯಿಂದ ಗೊಂಚಲುಗಟ್ಟಲೆ ಕಿತ್ತುಹೋಗಿ ಕಾಡಿನಲ್ಲಿ ವಿರಳವಾದದ್ದೂ ಅದರಿಂದಲೇ. ಇಲ್ಲಿ ಆ ಬಣ್ಣ ಯಾರೂ ಕಾಯದ ಮರಳಿನಲ್ಲಿ, ಬೆರಳುದ್ದದ ದಂಟಿನ ಮೇಲೂ ಸೊಂಟದೆತ್ತರದ ದಂಟಿನ ಮೇಲೂ, ಬಿಸಿಲಿರುವಷ್ಟು ಹೊತ್ತು ಮಾತ್ರ ತೆರೆದಿದ್ದು, ಸಂಜೆಯ ತಣ್ಪು ತಾಗುತ್ತಲೇ ಒಂದೊಂದಾಗಿ ಒಳಗೆ ಸರಿದುಬಿಡುತ್ತದೆ. ಅದಕ್ಕೇ ಇವುಗಳಿಗೆ ಸೂರ್ಯ ಆರ್ಕಿಡ್ ಎಂದು ಹೆಸರು. ಶಾಸ್ತ್ರದವರು ಥೆಲಿಮಿಟ್ರಾ ಎನ್ನುತ್ತಾರೆ.

ಆರ್ಕಿಡ್ ಎಂದೊಡನೆ ಮಲೆನಾಡಿನವರ ಕಣ್ಣು ಮೇಲಕ್ಕೆ ಹೋಗುತ್ತದೆ, ಮಳೆಗಾಲದ ಮೊದಲ ಹನಿಗಳಿಗೆ ಹಲಸಿನ ಕೊಂಬೆಯಿಂದ ಇಳಿಬಿದ್ದ ಸೀತಾಳೆ ದಂಡೆಯ ಕಡೆಗೆ. ಈ ಹೂವಿಗೆ ತಲೆ ಬಗ್ಗಿಸಬೇಕು. ಬಗ್ಗಿಸಿ ನೋಡಿದರೂ ಇದು ಆರ್ಕಿಡ್ ಎಂದು ತಟ್ಟನೆ ನಂಬಿಕೆ ಬಾರದು. ಉಳಿದ ಆರ್ಕಿಡ್‌ಗಳಲ್ಲಿ ಒಂದು ಎಸಳು ಉಳಿದವುಗಳಿಂದ ಬೇರೆಯಾಗಿ, ನಾಲಿಗೆಯಾಗಿಯೋ ಚೀಲವಾಗಿಯೋ ಚಪ್ಪಲಿಯಾಗಿಯೋ ಬೆಳೆದು, ಹೂವಿನ ಗರ್ವವನ್ನೆಲ್ಲ ತಾನೇ ಹೊತ್ತುಕೊಂಡಿರುತ್ತದೆ. ಸೂರ್ಯ ಆರ್ಕಿಡ್‌ನಲ್ಲಿ ಆ ಎಸಳಿಗೆ ಯಾವ ಗರ್ವವೂ ಇಲ್ಲ; ಐವರ ನಡುವೆ ಆರನೆಯದಾಗಿ ಸುಮ್ಮನೆ ನಿಂತಿದೆ. ಹೊರಗೆ ಇಷ್ಟು ಸರಳವಾದ ಹೂ ತನ್ನ ಶೃಂಗಾರವನ್ನೆಲ್ಲ ನಡುವಿನಲ್ಲಿ, ಅಕ್ಕಿಕಾಳಿಗಿಂತ ತುಸುವಷ್ಟೇ ದೊಡ್ಡದಾದ ಒಂದು ಕಂಬದ ಮೇಲೆ ಮಾಡಿಕೊಂಡಿದೆ.

ಕೇಸರವೂ ಶಲಾಕೆಯೂ ಒಂದೇ ಆಗಿ ಬೆಸೆದ ಕಂಬ ಅದು. ಆರ್ಕಿಡ್‌ಗಳಿಗೆಲ್ಲ ಉಂಟು, ಆದರೆ ಇಲ್ಲಿ ಅದರ ಎರಡು ಬದಿಗೂ ರೆಕ್ಕೆ ಮೂಡಿ, ರೆಕ್ಕೆಗಳು ಹಿಂದಿನಿಂದ ಮೇಲೆದ್ದು, ಪರಾಗಕೋಶದ ನೆತ್ತಿಯ ಮೇಲೆ ಒಂದು ಕುಲಾವಿಯಾಗಿ ಬಾಗುತ್ತವೆ. ಕುಲಾವಿಯ ಅಕ್ಕಪಕ್ಕ ಎರಡು ಪುಟ್ಟ ತೋಳು ಮುಂದಕ್ಕೆ ಚಾಚಿರುತ್ತವೆ. ಬಹಳಷ್ಟು ಪ್ರಭೇದಗಳಲ್ಲಿ ಆ ತೋಳುಗಳ ತುದಿಗೆ ಕೂದಲಿನ ಕುಚ್ಚು. ಹೂವಿನ ಗುರುತು ಹಿಡಿಯುವವರು ನೆಲಕ್ಕೆ ಮೊಣಕಾಲೂರಿ, ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು, ಉಸಿರಿಗೂ ದಂಟು ಅಲುಗದ ಹಾಗೆ ನೋಡುವುದು ಈ ಕುಲಾವಿಯನ್ನು, ಈ ಕುಚ್ಚನ್ನು. ನೂರಕ್ಕೂ ಹೆಚ್ಚು ಪ್ರಭೇದಗಳು ಒಂದರಿಂದ ಒಂದು ಬೇರೆಯಾಗುವುದು ಹೆಚ್ಚಾಗಿ ಅಲ್ಲಿಯೇ.

ಚುಕ್ಕೆ ಸೂರ್ಯ ಆರ್ಕಿಡ್ ಎಂಬ ಇಕ್ಸಿಯಾಯ್ಡಿಸ್‌ನ ಎಸಳಿನ ಮೇಲೆ ಕಡುನೀಲಿ ಚುಕ್ಕೆಗಳು ಚೆಲ್ಲಿರುತ್ತವೆ; ಕೆಲವೊಮ್ಮೆ ಇರುವುದೇ ಇಲ್ಲ. ಹಾಗಾಗಿ ಚುಕ್ಕೆಯನ್ನು ನಂಬುವಂತಿಲ್ಲ, ಕುಲಾವಿಯ ಮೇಲೆ ಬೆರಳುಗಳಂತೆ ಎದ್ದ ಸಣ್ಣ ಗಂಟುಗಳನ್ನೇ ಹುಡುಕಬೇಕು. ನ್ಯೂಡಾ ಎಂಬುದರ ಕುಲಾವಿ ಕಂದುಗಪ್ಪು, ಅದರ ತುದಿ ಮಾತ್ರ ಹಳದಿ, ಕುಚ್ಚು ಬೆಳ್ಳನೆಯದು. ಕೆಲವು ಪ್ರಭೇದಗಳಲ್ಲಿ ಕೂದಲು ಒಂದೇ ಸಾಲಿಗೆ ನಿಂತು ಹಲ್ಲುಜ್ಜುವ ಬ್ರಷ್ಷನ್ನು ಹೋಲುತ್ತದೆ. ಇನ್ನು ಕೆಲವದರಲ್ಲಿ ಸುತ್ತಲೂ ಹರಡಿ ದುಂಡಗಾಗುತ್ತದೆ. ಬಿಳಿ ಕೂದಲು, ಗುಲಾಬಿ ಕೂದಲು, ಹಳದಿ ಕೂದಲು. ಕಾರ್ನಿಯಾ ಎಂಬ ಪುಟ್ಟ ಗುಲಾಬಿ ಹೂವಿಗೆ ಕುಚ್ಚೇ ಇಲ್ಲ. ಆಂಟೆನಿಫೆರಾ ನೀಲಿಯ ಗೊಡವೆಗೇ ಹೋಗದೆ ನಿಂಬೆಹಳದಿಯಾಗಿ ಅರಳಿ, ನಿಂಬೆಯ ನಸುಗಂಪನ್ನೂ ಬೀಸಿ, ನಡುವಿನಲ್ಲಿ ಎರಡು ಕಂದು ಕಿವಿ ನಿಮಿರಿಸಿಕೊಂಡಿರುತ್ತದೆ. ವೆನೋಸಾದ ನೀಲಿಯೊಳಗೆ ಕಡುನೀಲಿ ನರಗಳು ಹರಿದಿರುತ್ತವೆ, ಅದಕ್ಕೆ ತೇವದ ನೆಲ ಬೇಕು. ಎಪಿಪ್ಯಾಕ್ಟಾಯ್ಡಿಸ್ ಎಂಬುದರ ಎಸಳಲ್ಲಿ ಹಸಿರೂ ನೀಲಿಯೂ ತಾಮ್ರವೂ ಒಟ್ಟಿಗೆ ಮಿನುಗಿ, ಲೋಹಕ್ಕೆ ಜೀವ ಬಂದು ಹೂವಾದಂತಿರುತ್ತದೆ. ವಿಕ್ಟೋರಿಯಾ, ದಕ್ಷಿಣ ಆಸ್ಟ್ರೇಲಿಯಾಗಳ ಕೆಲವೇ ಜಾಗಗಳಲ್ಲಿ ಅದು ಉಳಿದಿದೆ.

ಇನ್ನು ಖಂಡದ ಪಶ್ಚಿಮ ತುದಿಯ ವೇರಿಗೇಟಾ. ಅದಕ್ಕೆ ಅಲ್ಲಿನವರು ಶೀಬಾ ರಾಣಿ ಎನ್ನುತ್ತಾರೆ. ನೇರಳೆ, ಕೆಂಪು, ಬಂಗಾರ ಒಂದರ ಮೇಲೊಂದು ಚೆಲ್ಲಿದ ಎಸಳು, ತಿರುಪು ತಿರುಪಾಗಿ ಸುತ್ತಿಕೊಂಡ ಎಲೆ. ಅದನ್ನು ಒಮ್ಮೆ ಕಾಣಲೆಂದೇ ಜನ ದಿನಗಟ್ಟಲೆ ಕಾರು ಓಡಿಸುತ್ತಾರಂತೆ. ಓಡಿಸಲಿ. ನನ್ನ ಮನಸ್ಸು ಮಾತ್ರ ಅಷ್ಟು ಬಣ್ಣದ ಎದುರು ಸುಮ್ಮನಾಗುವುದಿಲ್ಲ, ತಬ್ಬಿಬ್ಬಾಗುತ್ತದೆ. ಅದು ನಿಲ್ಲುವುದು ಹೆಸರಿಗೂ ಬಡತನವಿರುವ ಪಾಸಿಫ್ಲೋರಾದ ಹತ್ತಿರ, ಕೆಲವೇ ಹೂಗಳದ್ದು ಎಂದು ಕರೆಸಿಕೊಂಡ ಕಡ್ಡಿಯ ಹತ್ತಿರ. ಅದರ ಮಾತು ಆಮೇಲೆ.

ಇಷ್ಟು ಕುಸುರಿಯೆಲ್ಲ ಯಾರಿಗಾಗಿ? ಜೇನಂತೂ ಇಲ್ಲ, ಈ ಹೂಗಳಲ್ಲಿ ಒಂದು ತೊಟ್ಟೂ ಮಕರಂದವಿಲ್ಲ. ಅದೇ ಕುರುಚಲಿನಲ್ಲಿ ಡಯಾನೆಲ್ಲಾ ಎಂಬ ನೀಲಿ ಹೂವಿನ ಗಿಡವೂ ಉಂಟು, ಹಳದಿ ಹೂವಿನ ಹಿಬರ್ಟಿಯಾವೂ ಉಂಟು. ಅವು ಪರಾಗ ಕೊಡುವ ಪ್ರಾಮಾಣಿಕ ಹೂಗಳು. ಡಯಾನೆಲ್ಲಾದ ಕೇಸರದ ತುದಿಯ ರಂಧ್ರದಿಂದ ಪರಾಗ ಉದುರಬೇಕಾದರೆ ಹೆಣ್ಣುದುಂಬಿ ಅದನ್ನು ತಬ್ಬಿ ಮೈಯೆಲ್ಲ ನಡುಗಿಸಿ ಗುಂಯ್‌ಗುಡಬೇಕು. ಮರಿಗಳಿಗೆ ಅನ್ನ ಹುಡುಕಿ ಹೊರಟ ಆ ನಾಡಜೇನಿನ ಕಣ್ಣಿಗೆ ಪಕ್ಕದ ನೀಲಿಯೂ, ಹಳದಿ ತುದಿಯ ಕುಲಾವಿಯೂ, ಬಿಳಿ ಕುಚ್ಚೂ ಅಂಥದೇ ಇನ್ನೊಂದು ಹೂವಾಗಿ ತೋರುತ್ತದೆ. ಇಳಿಯುತ್ತದೆ, ತಬ್ಬುತ್ತದೆ, ನಡುಗಿಸುತ್ತದೆ, ಏನೂ ಉದುರುವುದಿಲ್ಲ. ಹಾರಿಹೋಗುವಾಗ ಹೊಟ್ಟೆಯ ಕೆಳಗೆ ಅಂಟಿದ ಪರಾಗದ ಮುದ್ದೆ ಮಾತ್ರ ಅದರ ಜೊತೆಗೇ ಹೋಗುತ್ತದೆ. ಮೋಸ ಎನ್ನೋಣವೇ? ಎನ್ನಬಹುದು. ಆದರೆ ಎಷ್ಟು ಹತ್ತಿರದಿಂದ, ಎಷ್ಟು ಕಾಲದಿಂದ ಒಂದು ದುಂಬಿಯ ಆಸೆಯನ್ನು ಗಮನಿಸುತ್ತ ಬಂದರೆ ಒಂದು ಗಿಡ ತನ್ನ ಮೈಯಲ್ಲಿ ಆ ಆಸೆಯ ಆಕಾರವನ್ನು ಇಷ್ಟು ನಯವಾಗಿ ಬಿಡಿಸಿಕೊಂಡೀತು ಎಂದು ನೆನೆಯುವಾಗ, ಮೋಸ ಎಂಬ ಮಾತು ಬಾಯಲ್ಲೇ ಕರಗುತ್ತದೆ.

ಬೇಸಿಗೆ ಬಂದರೆ ಗಿಡ ಮೇಲಿನಿಂದ ಅಳಿಸಿಹೋಗುತ್ತದೆ. ಎಲೆ ಒಣಗಿ, ದಂಟು ಒಣಗಿ, ಹಳೆಯ ಗಡ್ಡೆ ಬತ್ತಿ, ಅದರ ಪಕ್ಕದಲ್ಲೇ ಆ ವರ್ಷ ಕಟ್ಟಿಕೊಂಡ ಹೊಸ ಗಡ್ಡೆಯೊಂದು ಮರಳಿನ ಕತ್ತಲೆಯಲ್ಲಿ ಮಲಗಿರುತ್ತದೆ. ಆಗ್ನೇಯ ಆಸ್ಟ್ರೇಲಿಯಾದ ಮೂಲನಿವಾಸಿಗಳು ನೆಲದ ಆರ್ಕಿಡ್‌ಗಳ ಗಡ್ಡೆಗಳನ್ನು ಅಗೆದು ತಿನ್ನುತ್ತಿದ್ದರು. ನಾವು ಹೂವಿನಿಂದ ಅರಿತದ್ದನ್ನು ಅವರು ಅಗೆಯುವ ಕೋಲಿನ ತುದಿಯಿಂದ ಅರಿತಿದ್ದರು. ಬೀಜವೋ, ಉಸಿರಿಗೆ ಹಾರುವ ಧೂಳು. ಮೊಳಕೆಗೆ ಬೇಕಾದ ಬುತ್ತಿಯಿಲ್ಲದೆ ಹೊರಡುವ ಅದು ಮಣ್ಣಿನೊಳಗಿನ ಸೂಕ್ಷ್ಮ ಶಿಲೀಂಧ್ರವೊಂದರ ಎಳೆ ತಾಗಿ ಒಳಗೆ ಬಂದರಷ್ಟೇ ಬದುಕುತ್ತದೆ. 1983ರ ಫೆಬ್ರುವರಿಯಲ್ಲಿ ವಿಕ್ಟೋರಿಯಾವನ್ನು ಸುಟ್ಟ ಮಹಾ ಬೆಂಕಿ ಆಂಗ್ಲ್‌ಸೀಯ ಕುರುಚಲನ್ನೂ ಬಿಡಲಿಲ್ಲ. ಗಡ್ಡೆಗಳು ಮಲಗಿರುವ ತಿಂಗಳಲ್ಲೇ ಬರುವ ಇಂಥ ಬೆಂಕಿಯ ಬೆನ್ನಿಗೆ, ಪೊದೆಯ ನೆರಳು ಹೋಗಿ ಆಕಾಶ ನೆಲದ ತನಕ ಇಳಿದಾಗ, ಕೆಲವು ಸೂರ್ಯ ಆರ್ಕಿಡ್‌ಗಳು ಮುಂದಿನ ವಸಂತಕ್ಕೆ ಎಂದಿಗಿಂತ ಹೆಚ್ಚಾಗಿ ಅರಳುತ್ತವೆ. ಕರಿಬೂದಿಯ ಮೇಲೆ ನೀಲಿ.

ಈ ಕುಲಕ್ಕೆ ಮೊದಲು ಹೆಸರಿಟ್ಟವರು ಅಪ್ಪ ಮಗ: ಯೋಹಾನ್ ಫೋರ್ಸ್ಟರ್ ಮತ್ತು ಗೇಯೋರ್ಗ್ ಫೋರ್ಸ್ಟರ್. ಕ್ಯಾಪ್ಟನ್ ಕುಕ್‌ನ ಎರಡನೆಯ ಯಾನದಲ್ಲಿ, 1772ರಲ್ಲಿ, ಹಡಗು ಹತ್ತಿದಾಗ ಗೇಯೋರ್ಗ್‌ಗೆ ಹದಿನೇಳು ವರ್ಷ. ಅವರ ಕೈಗೆ ಬಂದದ್ದು ನ್ಯೂಜಿಲೆಂಡಿನ ಲಾಂಗಿಫೋಲಿಯಾ, ಸಾಮಾನ್ಯವಾಗಿ ಬೆಳ್ಳಗೆ ಅರಳುವ ಪ್ರಭೇದ. ಅದರ ಕುಲಾವಿಯಲ್ಲಿ ಅವರಿಗೆ ಹೆಣ್ಣಿನ ಶಿರೋವಸ್ತ್ರ ಕಂಡಿತು, ಗ್ರೀಕಿನಲ್ಲಿ ಹಾಗೆಯೇ ಕರೆದರು. ಇದೇ ಗೇಯೋರ್ಗ್, ಕಡಲ ದಿನಗಳೆಲ್ಲ ಹಿಂದಾದ ಮೇಲೆ, 1791ರಲ್ಲಿ, ವಿಲಿಯಂ ಜೋನ್ಸ್‌ನ ಇಂಗ್ಲಿಷಿನಿಂದ ಕಾಳಿದಾಸನ ಶಾಕುಂತಲವನ್ನು ಜರ್ಮನ್ನಿಗೆ ತಂದ. ಕವಿ ಗಯಟೆ ಮನಸೋತದ್ದು ಆ ಪುಸ್ತಕಕ್ಕೇ. ಆಶ್ರಮದ ಹುಡುಗಿಯೊಬ್ಬಳು ಒಂದು ಮಲ್ಲಿಗೆಯ ಬಳ್ಳಿಗೆ ವನಜ್ಯೋತ್ಸ್ನೆ ಎಂದು ಹೆಸರಿಟ್ಟು, ಊರು ಬಿಡುವಾಗ ಅದನ್ನು ತಂಗಿಯೆಂದು ತಬ್ಬಿಕೊಳ್ಳುವ ಪುಟಕ್ಕೆ ಬಂದಾಗ, ಹರೆಯದಲ್ಲಿ ಕಡಲಿನಾಚೆಯ ಹೂವಿಗೆ ಹೆಸರಿಟ್ಟಿದ್ದ ಆ ಮನುಷ್ಯನ ಲೇಖನಿ ಕ್ಷಣ ಹೊತ್ತು ನಿಂತಿತ್ತೇ ಎಂದು ಕೇಳಿಕೊಳ್ಳುವುದು ನನಗೆ ಇಷ್ಟ. ಕಾಳಿದಾಸನಿಗೆ ಥೆಲಿಮಿಟ್ರಾ ಗೊತ್ತಿರಲಿಲ್ಲ. ಜಾವಾ, ಫಿಲಿಪ್ಪೀನ್ಸ್‌ಗಳ ಎತ್ತರದ ಬೆಟ್ಟಗಳ ತನಕ ಬಂದ ಈ ಕುಲ ನಮ್ಮ ಕಡೆ ದಾಟಲೇ ಇಲ್ಲ. ದಾಟಿದ್ದು ಹೀಗೆ, ಒಬ್ಬನ ಎರಡು ಕೆಲಸಗಳ ನಡುವಿನ ಸಂದಿಯಲ್ಲಿ.

ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್‌ನ ಕಥೆಯೂ ಹಾಗೆಯೇ. 1801ರಲ್ಲಿ ಫ್ಲಿಂಡರ್ಸ್‌ನ ಹಡಗಿನಲ್ಲಿ ಆಸ್ಟ್ರೇಲಿಯಾ ಮುಟ್ಟಿದ ಅವನು 1810ರ ಗ್ರಂಥದಲ್ಲಿ ನ್ಯೂಡಾ, ಕಾರ್ನಿಯಾ, ವೆನೋಸಾ, ಪಾಸಿಫ್ಲೋರಾಗಳನ್ನು ಒಂದೊಂದಾಗಿ ಬೇರ್ಪಡಿಸಿ ಬರೆದ. ಜೀವಕೋಶದ ನಡುವಿನ ಮಸುಕು ಚುಕ್ಕೆಗೆ ನ್ಯೂಕ್ಲಿಯಸ್ ಎಂದು ಹೆಸರು ಕೊಟ್ಟವನೂ ಅವನೇ, 1831ರಲ್ಲಿ. ಅದನ್ನು ಅವನು ಮೊದಲು ಗಮನವಿಟ್ಟು ನೋಡಿದ್ದು ಆರ್ಕಿಡ್‌ಗಳ ಹೊರಚರ್ಮದಲ್ಲಿ.

ಈಗ ಪಾಸಿಫ್ಲೋರಾ. ಬಿಸಿಲಿದ್ದರೂ ಸಾಲದು ಅದಕ್ಕೆ, ಸೆಕೆ ಬೇಕು. ಅಂಥ ದಿನ ಬಾರದಿದ್ದರೆ ಮೊಗ್ಗು ಮೊಗ್ಗಾಗಿಯೇ ಇದ್ದು, ಪರಾಗ ಪುಡಿಯಾಗಿ ತನ್ನದೇ ಶಲಾಕಾಗ್ರದ ಮೇಲೆ ಉದುರಿ, ಬೀಜ ಕಟ್ಟಿಬಿಡುತ್ತದೆ. ದುಂಬಿಯ ಹಂಗಿಲ್ಲ. ಬ್ರೌನ್ ಒಂದೇ ಎಂದು ಬರೆದಿದ್ದ ಈ ಬಡಕಲು ನೀಲಿಗಳನ್ನು ವಿಕ್ಟೋರಿಯಾದ ರಾಷ್ಟ್ರೀಯ ಸಸ್ಯಸಂಗ್ರಹಾಲಯದ ಜೆಫ್ ಜೀನ್ಸ್ 2004ರಲ್ಲಿ ಬಿಡಿಸಿ ನೋಡಿ, ಅವುಗಳೊಳಗೆ ಹಲವು ಪ್ರಭೇದಗಳು ಅವಿತಿರುವುದನ್ನು ತೋರಿಸಿದರು. ಒತ್ತಿ ಒಣಗಿಸಿದ ಮಾದರಿಗಳಲ್ಲಿ ಕುಲಾವಿ ಕುಸಿದು, ಬಣ್ಣ ಹೋಗಿ, ಏನೂ ಗೊತ್ತಾಗದ ಕಾರಣ ಈ ಕೆಲಸಕ್ಕೆ ಹಸಿ ಹೂವೇ ಆಗಬೇಕು, ಇಲ್ಲವೇ ಮದ್ಯಸಾರದಲ್ಲಿ ಅದ್ದಿಟ್ಟದ್ದು. ತೆರೆಯದ ಮೊಗ್ಗನ್ನು ಸೂಜಿಮೊನೆಯಿಂದ ತೆರೆದರೆ ಒಳಗೆ ಎಲ್ಲವೂ ಇದೆ. ಕುಲಾವಿಯ ಬಾಗು, ಹಳದಿ ತುದಿ, ಎರಡು ತೋಳು, ಒಂದು ಎಳೆಯೂ ತಪ್ಪದ ಬಿಳಿ ಕುಚ್ಚು. ಯಾವ ದುಂಬಿಯೂ ತಬ್ಬದ, ಯಾವ ಕಣ್ಣೂ ಕಾಣದ ಕತ್ತಲೆಯಲ್ಲಿ ಆ ಅಲಂಕಾರ ಪೂರ್ತಿಯಾಗಿ, ಪಕ್ಕದ ಹೂವಿಗಿಂತ ಒಂದಿಷ್ಟೇ ಬೇರೆಯಾಗಿ, ಮುಗಿದು ನಿಂತಿದೆ.

ಅದೆಲ್ಲ ಪೂರ್ವಜರ ಆಸ್ತಿ, ದುಂಬಿ ಬರುತ್ತಿದ್ದ ಕಾಲದ್ದು, ಇನ್ನೂ ಕಳೆದಿಲ್ಲ ಅಷ್ಟೆ ಎನ್ನುತ್ತದೆ ಜೀವಶಾಸ್ತ್ರ. ಒಪ್ಪುತ್ತೇನೆ. ಆದರೆ ಆಸ್ತಿ ಪೂರಾ ವ್ಯರ್ಥವಾಗಿ ಬಿದ್ದಿಲ್ಲ. ಕಾರ್ನಿಯಾ ಕೂಡ ಹೀಗೆಯೇ ಬಾಗಿಲು ಮುಚ್ಚಿಕೊಂಡೇ ಬಾಳುವ ಜಾತಿ. ಆದರೂ ಎಂದೋ ಒಂದು ಸುಡುವ ಮಧ್ಯಾಹ್ನ ಅದು ತೆರೆದಿರುತ್ತದೆ, ದುಂಬಿ ಇಳಿದಿರುತ್ತದೆ, ಅಲ್ಲಿಂದ ಆ ನಿಂಬೆಹಳದಿ ಆಂಟೆನಿಫೆರಾದ ಮೇಲೂ ಇಳಿದಿರುತ್ತದೆ. ಕಾರ್ನಿಯಾದಂಥ ಗುಲಾಬಿ ಪ್ರಭೇದಗಳೂ ಆಂಟೆನಿಫೆರಾವೂ ಕೂಡಿ ಹುಟ್ಟಿದ ಕೆಂಪು ಸೂರ್ಯ ಆರ್ಕಿಡ್ ಅಲ್ಲಲ್ಲಿ ಕಾಣಸಿಗುತ್ತದೆ. ತಾಯಿಯಲ್ಲೂ ತಂದೆಯಲ್ಲೂ ಇಲ್ಲದ ಒಂದು ಕಡುಬಣ್ಣ. ಮೆಲ್ಬರ್ನ್‌ನ ಫರ್ಡಿನಾಂಡ್ ಫಾನ್ ಮ್ಯೂಲರ್ 19ನೇ ಶತಮಾನದಲ್ಲಿ ಅದನ್ನು ಬೇರೆಯೇ ಪ್ರಭೇದವೆಂದು ತಿಳಿದು ಮ್ಯಾಕ್‌ಮಿಲಾನಿ ಎಂದು ಹೆಸರಿಟ್ಟ. ಈಗ ಅದೇ ಹೆಸರಿನ ನಡುವೆ ಅಡ್ಡತಳಿಯ ಗುರುತಾಗಿ ಒಂದು ಗುಣಾಕಾರದ ಚಿಹ್ನೆ ಸೇರಿಸಿ ಬರೆಯುತ್ತಾರೆ.