ರೂಪವೂ ಪ್ರಮಾಣವೂ

ವಸ್ತುವು ನಾಶವಾದ ಮೇಲೂ ಅದರ ರೂಪವು ಉಳಿದಿದೆಯೆಂದು ಹೇಳುವವರನ್ನು, ಆ ರೂಪವು ಆ ವಸ್ತುವಿನದೇ ಎಂಬುದಕ್ಕೆ ಪ್ರಮಾಣವೇನು ಎಂದು ಕೇಳುವುದು ತತ್ತ್ವಜಿಜ್ಞಾಸುವಿನ ಧರ್ಮ. ಸಾಂಖ್ಯರು ಪ್ರತ್ಯಕ್ಷ, ಅನುಮಾನ, ಆಪ್ತವಚನಗಳೆಂಬ ಮೂರು ಪ್ರಮಾಣಗಳನ್ನು ಅಂಗೀಕರಿಸಿ, ಪ್ರತಿಯೊಂದಕ್ಕೂ ಪ್ರತ್ಯೇಕವಾದ ಲಕ್ಷಣವನ್ನು ಹೇಳಿದರು. ಶಿಲ್ಪ, ಕಟ್ಟಡ, ಅಸ್ಥಿ ಮೊದಲಾದವುಗಳ ಮೂರು ಆಯಾಮದ ದತ್ತಾಂಶಗಳನ್ನು ಸಂರಕ್ಷಿಸುವ ಹೊಣೆಯನ್ನು ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳು ವಹಿಸಿಕೊಳ್ಳುತ್ತಿರುವ ಈ ಕಾಲದಲ್ಲಿ, ಆ ವಿಭಾಗಕ್ರಮವು ನಮಗೆ ದಾರಿದೋರೀತೆಂದು ನನ್ನ ನಂಬಿಕೆ.

ಅಮೆರಿಕದ ವಾಸರ್ ಕಾಲೇಜಿನಲ್ಲಿ ಕಲಾಚರಿತ್ರೆಯ ಅಧ್ಯಾಪಕರಾಗಿದ್ದ ಆಂಡ್ರೂ ಟ್ಯಾಲನ್ ಅವರು 2010ರಲ್ಲಿ ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯದ ಒಳಹೊರಗುಗಳಲ್ಲಿ ಸುಮಾರು 50 ಕಡೆ ಯಂತ್ರವನ್ನಿರಿಸಿ, ಲೇಸರ್ ಕಿರಣವು ಶಿಲೆಯನ್ನು ಮುಟ್ಟಿ ಮರಳುವ ಬಗೆಯಿಂದ ದೂರವನ್ನು ಗಣಿಸಿ, 100 ಕೋಟಿಗೂ ಮಿಕ್ಕ ಬಿಂದುಗಳಲ್ಲಿ ಆ ಮಂದಿರದ ಆಕೃತಿಯನ್ನು ಸಂಗ್ರಹಿಸಿದರು. 2018ರ ನವೆಂಬರಿನಲ್ಲಿ ಅವರು ತೀರಿಕೊಂಡರು; 2019ರ ಏಪ್ರಿಲ್ 15ರಂದು ಅಗ್ನಿಯು ಮಂದಿರದ ಮರದ ಮಾಡನ್ನೂ ಶಿಖರವನ್ನೂ ದಹಿಸಿತು. ಅಳೆದವರು ಇಲ್ಲವಾಗಿ, ಮಂದಿರವು ಭಗ್ನವಾಗಿ, ಅಳತೆಯೊಂದು ಉಳಿದಿತ್ತು.

ಆ ಅಳತೆಯಲ್ಲಿ ಪ್ರತ್ಯಕ್ಷವೆನಿಸತಕ್ಕದ್ದು ಯಂತ್ರವು ಒಂದೊಂದು ಸ್ಥಾನದಿಂದ ಪಡೆದ ಮೂಲ ಬಿಂದುಗಳಷ್ಟೆ. ಕಿರಣವು ತಲುಪದ ಕಂಬದ ಹಿಂಬದಿಯೂ ಕಮಾನಿನ ಮರೆಯೂ ಅಲ್ಲಿ ಶೂನ್ಯ. ಬಿಂದುಸಮೂಹಗಳನ್ನು ಒಂದಕ್ಕೊಂದು ಹೊಂದಿಸಿ, ತ್ರಿಕೋನಗಳಿಂದ ಹೆಣೆದು, ಶೂನ್ಯಗಳನ್ನು ತುಂಬಿ, ಅಖಂಡವಾದ ಮೇಲ್ಮೈಯನ್ನು ರಚಿಸಿದರೆ ಅದರಲ್ಲಿ ಅನುಮಾನವು ಸೇರಿತು. 2001ರ ಮಾರ್ಚ್ ತಿಂಗಳಿನಲ್ಲಿ ಒಡೆಯಲ್ಪಟ್ಟ ಬಾಮಿಯಾನಿನ ಮಹಾಬುದ್ಧನ ರೂಪವನ್ನು ಜ್ಯೂರಿಕ್ಕಿನ ವಿದ್ವಾಂಸರು 1970ರ ಛಾಯಾಚಿತ್ರಗಳ ಪರಸ್ಪರ ಭೇದದಿಂದ ಗಣಿಸಿ ಪಡೆದರು. ಮೂರ್ತಿಯು ಕಣ್ಮರೆಯಾದ ಮೇಲೆ ಅನುಮಾನವೇ ಅಲ್ಲಿ ಗತಿಯಾಯಿತು. ಗಣಕದ ತೆರೆಯ ಮೇಲೆ ಈ ಎರಡು ರೂಪಗಳೂ ಸಮಾನ ದೃಢತೆಯಿಂದ ಶೋಭಿಸುವುವು. ಪ್ರಾಮಾಣ್ಯದಲ್ಲಿ ಮಾತ್ರ ಅವು ಸಮಾನವಲ್ಲ.

ಈ ತಾರತಮ್ಯವನ್ನು ತಿಳಿಸತಕ್ಕದ್ದು ಆಪ್ತವಚನ: ಅಳೆದವರು ಯಾರು, ಯಾವ ಯಂತ್ರದಿಂದ, ಯಾವ ಮಾನದಲ್ಲಿ, ಎಷ್ಟು ದೋಷಸಂಭವದೊಡನೆ, ಯಾವ ಭಾಗವನ್ನು ಕಂಡು, ಯಾವುದನ್ನು ಊಹಿಸಿ ತುಂಬಿದರು ಎಂಬ ಲಿಖಿತ ವೃತ್ತಾಂತ. ಅಳೆದವರು ಬದುಕಿರುವಾಗಲೇ ಅದನ್ನು ಬರೆಯಿಸಿಕೊಳ್ಳದ ಗ್ರಂಥಾಲಯವು ಸಾಕ್ಷಿಯಿಲ್ಲದ ರೂಪವನ್ನು ಕಾಯುತ್ತಿದೆ. 2018ರಲ್ಲಿ ಅಮೆರಿಕದ ಕೆಲವು ವಿಶ್ವವಿದ್ಯಾನಿಲಯಗಳ ಗ್ರಂಥಪಾಲಕರು ಸೇಂಟ್ ಲೂಯಿ ನಗರದಲ್ಲಿ ಸಭೆ ಸೇರಿ, ಇಂಥ ದತ್ತಾಂಶಗಳ ರಕ್ಷಣೆಗೆ ಸಮಾನವಾದ ನಿಯಮಗಳನ್ನು ರೂಪಿಸಹೊರಟದ್ದು ಆದಕಾರಣ ಶ್ಲಾಘ್ಯವಾದ ಉದ್ಯಮ.

ನಾಮರೂಪಗಳೆಲ್ಲ ಅನಿತ್ಯವಾಗಿರಲು ಈ ಪ್ರಯಾಸವೇಕೆ ಎಂದು ವಿರಕ್ತನು ಕೇಳಬಹುದು. ರೂಪವು ಅನಿತ್ಯವೆಂಬುದು ದಿಟವೇ. ರೂಪದ ವಿಷಯದಲ್ಲಿ ಸತ್ಯವನ್ನು ನುಡಿಯುವ ಕರ್ತವ್ಯವು ಅದರಿಂದ ತಪ್ಪುವುದಿಲ್ಲ. ಮೂಲ ಬಿಂದುಗಳು ಅಪಾರ ಸ್ಥಳವನ್ನು ಬೇಡುವುವೆಂದು ಅವುಗಳನ್ನು ತೊರೆದು, ನೋಡಲು ಮನೋಹರವಾದ ಅಂತಿಮ ಪ್ರತಿರೂಪವೊಂದನ್ನೇ ಇಟ್ಟುಕೊಳ್ಳುವ ಗ್ರಂಥಾಲಯವು, ಊಹೆಯನ್ನು ದರ್ಶನವೆಂದು ಮುಂದಿನ ತಲೆಮಾರಿಗೆ ಒಪ್ಪಿಸಿದಂತಾಗುವುದು. ಎಲ್ಲವನ್ನೂ ಕಾಯಲು ಶಕ್ತಿ ಸಾಲದೆ ಆರಿಸಿಕೊಳ್ಳಲೇಬೇಕಾಗಿ ಬಂದರೆ, ಮೂಲ ಅಳತೆಯನ್ನೂ ಅದರ ವೃತ್ತಾಂತವನ್ನೂ ಆರಿಸಿಕೊಳ್ಳಬೇಕು. ಏಕೆಂದರೆ ಅವೆರಡಿದ್ದರೆ ಮನೋಹರವಾದ ಪ್ರತಿರೂಪವನ್ನು ಮುಂದಿನವರು ಮತ್ತೆ ರಚಿಸಿಕೊಳ್ಳಬಲ್ಲರು, ಅವೆರಡೂ ಹೋದರೆ ಪ್ರತಿರೂಪವೆಷ್ಟು ಮನೋಹರವಾಗಿದ್ದರೂ ಅದರಿಂದ ಅವುಗಳನ್ನು ಯಾರೂ ಮರಳಿ ಪಡೆಯಲಾರರು.