ಮೀಟರಿಗೆ ಹೇಳಿದ ಸುಳ್ಳು

ಸುಳ್ಳು ಹೇಳಬಾರದು ಎಂದು ಮಕ್ಕಳಿಗೆ ಬುದ್ಧಿ ಹೇಳುವ ನಾನು, ಕತ್ತಲಾದ ಮೇಲೆ ಕ್ಯಾಮರಾ ಕೈಗೆತ್ತಿಕೊಂಡರೆ ಮೊದಲು ಮಾಡುವ ಕೆಲಸವೇ ಒಂದು ಸುಳ್ಳು ಹೇಳುವುದು. ಫಿಲ್ಮಿನ ಡಬ್ಬಿಯ ಮೇಲೆ 400 ಎಂದು ಅಚ್ಚಾಗಿರುತ್ತದೆ. ನಾನು ಕ್ಯಾಮರಾದ ತಿರುಗಣೆಯನ್ನು 1600ಕ್ಕೆ ಇಡುತ್ತೇನೆ. ಒಳಗಿನ ಮೀಟರು, ಪಾಪ, ಅದನ್ನು ನಂಬುತ್ತದೆ. ನಾಲ್ಕು ಪಟ್ಟು ಚುರುಕಾದ ಫಿಲ್ಮು ಇದು, ಕಾಲುಭಾಗ ಬೆಳಕಾದರೆ ಸಾಕು ಎಂದು ಲೆಕ್ಕ ಹೇಳುತ್ತದೆ. ಆ ಸುಳ್ಳಿನ ಸಾಲವನ್ನು ಆಮೇಲೆ ಡೆವಲಪರ್ ತೀರಿಸಬೇಕು.

ಈ ವಿದ್ಯೆ ನನಗೆ ಬಂದದ್ದು ಅಪ್ಪನಿಂದ. ಅವರಿಗೆ ಬಸ್‌ಸ್ಟ್ಯಾಂಡಿನ ಎದುರು ಒಂದು ಪುಟ್ಟ ಸ್ಟುಡಿಯೋ ಇತ್ತು. ಸಿನಿಮಾದಲ್ಲಿ ತೋರಿಸುವ ಕೆಂಪು ದೀಪ ಪ್ರಿಂಟ್ ಹಾಕುವಾಗ ಮಾತ್ರ, ನೋಡಿ. ಫಿಲ್ಮನ್ನು ಸುರುಳಿಗೆ ಸುತ್ತುವಾಗ ಕಗ್ಗತ್ತಲೇ ಆಗಬೇಕು. ಕಣ್ಣು ಮುಚ್ಚಿ ಮಲ್ಲಿಗೆ ಕಟ್ಟಿದ ಬೆರಳುಗಳಿಗೆ ಅದೇನೂ ಕಷ್ಟವಲ್ಲ ಎಂದು ಅಪ್ಪ ನನ್ನನ್ನೇ ಆ ಕೆಲಸಕ್ಕೆ ಹಚ್ಚುತ್ತಿದ್ದರು.

1993ರಲ್ಲಿ ನಮ್ಮೂರ ಮೈದಾನದಲ್ಲಿ ಹೆಣ್ಣುಮಕ್ಕಳ ಕಬಡ್ಡಿ ಪಂದ್ಯ ನಡೆಯಿತು. ರಾತ್ರಿ ಪಂದ್ಯ. ಅಣ್ಣನ ಮಗಳು ಡಿಗ್ರಿ ಎರಡನೇ ವರ್ಷದಲ್ಲಿದ್ದಳು, ಅವರ ಕಾಲೇಜಿನ ತಂಡದಲ್ಲಿ ಆಡುತ್ತಿದ್ದಳು. ಅವಳಿಗೆ ಮದುವೆ ನಿಶ್ಚಯವಾಗಿತ್ತು. ಮಂಡಿಗೋ ಮುಖಕ್ಕೋ ಪೆಟ್ಟಾದರೆ ಹುಡುಗನ ಕಡೆಯವರು ಏನೆಂದಾರು ಎಂದು ಅಣ್ಣ 'ಇದೇ ಕೊನೆ' ಎಂದುಬಿಟ್ಟಿದ್ದ. ಅವಳು ಅಡಿಗೆಮನೆಗೆ ಬಂದು ನನ್ನ ಮುಖ ನೋಡಿದಳು. ನಾನು ಫೋಟೋ ತೆಗೆದುಕೊಡುತ್ತೇನೆ ಎಂದೆ.

ಅಂಕಣದ ನಾಲ್ಕು ಮೂಲೆಗೆ ನಾಲ್ಕು ಹ್ಯಾಲೋಜನ್ ದೀಪ. ಬೆಳಕೆಲ್ಲ ಅಂಕಣದ ನಡುವೆಯೇ. 400 ಎಂದು ನಿಜ ಹೇಳಿದರೆ, ಲೆನ್ಸನ್ನು ಎಫ್ 2ಕ್ಕೆ ಪೂರ್ತಿ ತೆರೆದರೂ ಷಟರ್ 1/60ಕ್ಕೆ ನಿಲ್ಲುತ್ತಿತ್ತು. ರೈಡಿಗೆ ಹೋದವಳ ಕೈ ಅಷ್ಟರಲ್ಲಿ ಹೊಗೆಯಾಗಿ ಹೋಗುತ್ತದೆ. 1600 ಎಂದರೆ 1/250, ಬೆರಳೂ ನಿಲ್ಲುತ್ತದೆ. ಫ್ಲಾಶ್ ಹಾಕಬಹುದಿತ್ತಲ್ಲ ಎನ್ನುತ್ತೀರಿ. ಏಳು ಜನರ ನಡುವೆ ಉಸಿರು ಕಟ್ಟಿ ನುಗ್ಗಿದವಳ ಕಣ್ಣಿಗೆ ಮಿಂಚು ಹೊಡೆಸುವುದು ಸರಿಯೆ? ಅಲ್ಲದೆ ಅದರ ಬೆಳಕು ಹತ್ತಿರದವರಿಗೇ ಮುಗಿದುಹೋಗುತ್ತದೆ.

ಫಿಲ್ಮು ಯಾವುದು ಎಂಬ ಪ್ರಶ್ನೆ ಬೇಗ ಮುಗಿಯಿತು. 35 ಮಿ.ಮೀ.ನಲ್ಲಿ 1954ರಿಂದ ಬರುತ್ತಿರುವ ಟ್ರೈ-ಎಕ್ಸ್, ಇಲ್ಲವೇ 1989ರ ಎಚ್‌ಪಿ5 ಪ್ಲಸ್. ಅಂಗಡಿಯಲ್ಲಿ ಎರಡನೆಯದು ಇತ್ತು. ಟಿ-ಮ್ಯಾಕ್ಸ್ ಪಿ3200 ಎಂಬುದು 1988ರಲ್ಲೇ ಬಂದಿತ್ತಾದರೂ ನಮ್ಮೂರಿಗೆ ಬರಲಿಲ್ಲ. (ಅದು 2012ರಲ್ಲಿ ನಿಂತು, 2018ರಲ್ಲಿ ಮರಳಿ ಬಂತು.) ಅದರ ಹೆಸರಿನ ಪಿ ಎಂದರೆ ಪುಷ್, ಅಂದರೆ ತಳ್ಳು. ಅದರ ಸಹಜ ಚುರುಕು 800ರಿಂದ 1000; ಮಿಕ್ಕಿದ್ದು ತಳ್ಳಿದ್ದೇ. ಡಬ್ಬಿಯ ಮೇಲೇ ಸುಳ್ಳು ಅಚ್ಚಾಗಿದ್ದರೆ ನಮ್ಮ ಮನಸ್ಸಿಗೆ ಅಷ್ಟು ನೆಮ್ಮದಿ, ಅಲ್ಲವೆ?

ಡೆವಲಪರ್ ವಿಷಯಕ್ಕೆ ಅಪ್ಪನಿಗೂ ನನಗೂ ವಾದವಾಯಿತು. ಅವರ ಮೆಚ್ಚಿನದು 1891ರಿಂದ ನಡೆದುಬಂದ ರೋಡಿನಾಲ್. ಗೆರೆ ಹರಿತವಾಗಿ ಬರುತ್ತದೆ, ಆದರೆ ಕಾಳು ರವೆಯಂತೆ ಎದ್ದು ಕಾಣುತ್ತದೆ, ಚುರುಕೂ ಒಂದಿಷ್ಟು ಕುಗ್ಗುತ್ತದೆ. ಐಡಿ-11 ಆದರೆ, 400ಕ್ಕೆ ಏಳೂವರೆ ನಿಮಿಷ ಸಾಕಾದ ಎಚ್‌ಪಿ5ನ್ನು 1600ಕ್ಕೆ ಹದಿನಾಲ್ಕು ನಿಮಿಷ ತೊಳೆಯಬೇಕು. ಮೈಕ್ರೋಫೆನ್ನಿನಲ್ಲಿ ಹನ್ನೊಂದು, ಅದು ಫಿಲ್ಮಿನಿಂದ ಒಂದು ಚೂರು ಹೆಚ್ಚು ಚುರುಕನ್ನು ನಿಜವಾಗಿಯೇ ಹೊರಡಿಸುತ್ತದೆ. ನಾನು ಮೈಕ್ರೋಫೆನ್ ಆರಿಸಿಕೊಂಡೆ. ಎಲ್ಲಕ್ಕೂ ನೀರು 20 ಡಿಗ್ರಿ ಇರಬೇಕು. ಬೇಸಗೆಯಲ್ಲಿ ಎಲ್ಲಿಂದ ತರುವುದು? ಹೂಜಿಯ ನೀರಿಗೆ ಐಸ್ ತುಂಡು ಹಾಕಿ, ಥರ್ಮಾಮೀಟರ್ ಹಿಡಿದು, ಮಗುವಿಗೆ ಜ್ವರ ಬಂದಾಗಿನಂತೆ ಕಾದು ಕೂತೆ.

ತೊಳೆದ ಫಿಲ್ಮನ್ನು ಬಟ್ಟೆ ಒಣಹಾಕುವ ತಂತಿಗೆ ಸಿಕ್ಕಿಸಿ ನೋಡಿದರೆ ಎದೆ ಹಿಗ್ಗಿತು. ರೈಡಿಗೆ ಹೋದ ಹುಡುಗಿಯ ಚಾಚಿದ ತೋಳು, ಹಾರಿದ ಜಡೆ, ಎದ್ದ ಧೂಳು, ಎಲ್ಲ ಇತ್ತು. ಪ್ರಿಂಟ್ ಹಾಕಿ ಕೊಟ್ಟಾಗ ಅಣ್ಣನ ಮಗಳು ಬಹಳ ಹೊತ್ತು ನೋಡಿದಳು. ಆಮೇಲೆ, "ಅತ್ತೆ, ನಾನೆಲ್ಲಿ?" ಎಂದಳು.

ಕಬಡ್ಡಿಯಲ್ಲಿ ಔಟಾದವರು ಅಂಕಣದ ಹಿಂದೆ ಸಾಲಾಗಿ ಕೂರುತ್ತಾರೆ. ತಮ್ಮವರು ಎದುರಾಳಿಯನ್ನು ಔಟು ಮಾಡಿದರೆ ಇವರಲ್ಲೊಬ್ಬರಿಗೆ ಮತ್ತೆ ಜೀವ ಬರುತ್ತದೆ. ನಾನು ಚಿತ್ರ ತೆಗೆದ ಗಳಿಗೆಯಲ್ಲಿ ಅವಳು ಅಲ್ಲಿದ್ದಳಂತೆ, ಎದ್ದು ನಿಲ್ಲಲು ಅರ್ಧ ಮಂಡಿ ಊರಿ. ಪ್ರಿಂಟಿನಲ್ಲಿ ಅಲ್ಲಿ ಬರೀ ಕಪ್ಪು. ಉಳಿದ ಚಿತ್ರಗಳಲ್ಲಿ ಅವಳ ಬೆನ್ನಿದೆ, ಮೊಣಕೈಯಿದೆ, ಮುಖವಿಲ್ಲ.

ಫಿಲ್ಮಿನ ಗುಣ ಹೀಗೆ: ಬೆಳಕು ತಾಕಿದ ಬೆಳ್ಳಿಯ ಕಣಗಳನ್ನು ಮಾತ್ರ ಡೆವಲಪರ್ ಎಬ್ಬಿಸಬಲ್ಲದು. ಹೆಚ್ಚು ಹೊತ್ತು ತೊಳೆದರೆ, ಬೆಳಕು ಬಿದ್ದ ಕಡೆ ಇನ್ನಷ್ಟು ದಟ್ಟವಾಗುತ್ತದೆ. ಬೆಳಕೇ ತಲುಪದ ನೆರಳಿಗೆ ಹನ್ನೊಂದು ನಿಮಿಷವೂ ಒಂದೇ, ಇಡೀ ರಾತ್ರಿಯೂ ಒಂದೇ. ತಳ್ಳಿದ್ದರ ಲಾಭ ಮೊದಲೇ ಬೆಳಕಿನಲ್ಲಿದ್ದವರಿಗೆ, ನಷ್ಟ ನೆರಳಿನವರಿಗೆ.

ಇದು ನನಗೆ ಹೊಸ ಸಂಗತಿಯೇನಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೆ ಅಜ್ಜಿ ಸಾರಿಗೆ ಎರಡು ಚೊಂಬು ನೀರು ಸುರಿಯುತ್ತಿದ್ದಳು. ತಳದ ಬೇಳೆಯನ್ನು ಸೌಟಿನಲ್ಲಿ ಎತ್ತಿ ಮೊದಲ ಪಂಕ್ತಿಗೆ ಬಡಿಸುತ್ತಿದ್ದಳು. ಎಲ್ಲರೂ ಹೊಟ್ಟೆ ತುಂಬ ಉಂಡರು ಎಂದು ಮನೆಗೆ ಹೆಸರು ಬರುತ್ತಿತ್ತು, ಅದು ಸುಳ್ಳೂ ಅಲ್ಲ. ಕೊನೆಯಲ್ಲಿ ಅಡಿಗೆಮನೆಯಲ್ಲೇ ಕೂತು ಅಮ್ಮ ತಿಳಿ ಕಲಸಿಕೊಳ್ಳುತ್ತಿದ್ದಳು. ನೆಗೆಟಿವಿನಲ್ಲೂ ನೆರಳಿನ ಭಾಗ ಹಾಗೆಯೇ ತಿಳಿಯಾಗಿರುತ್ತದೆ, ಆಚೆಯ ಕಿಟಕಿ ಕಾಣುವಷ್ಟು.

"ಒಂದು ಫೋಟೋಕ್ಕೆ ಇಷ್ಟು ಯೋಚನೆಯೆ?" ಎಂದರು ನಮ್ಮ ಮನೆಯವರು. ಅವರ ಮಾತೂ ನಿಜ. ಹೋಲಿಕೆಯನ್ನು ಬಹಳ ಎಳೆಯಬಾರದು. ಫಿಲ್ಮಿಗೆ ಆಯ್ಕೆ ಇಲ್ಲ, ಮನೆಗೆ ಇದೆ. ಏನನ್ನೂ ಕಳೆದುಕೊಳ್ಳದ ಚಿತ್ರವೂ ಇಲ್ಲ. ಅವಳ ಮುಖ ಬೇಕಿದ್ದರೆ ರೈಡಿನವಳ ಕೈ ಕದಡುತ್ತಿತ್ತು. ನನ್ನನ್ನು ಚುಚ್ಚುವುದು ಅದಲ್ಲ. ಹಿಂದೆ ಕೂತವರತ್ತ ಮೀಟರನ್ನು ಒಮ್ಮೆಯೂ ತಿರುಗಿಸಿ ನೋಡಲಿಲ್ಲವಲ್ಲ ನಾನು. ಅಣ್ಣನಿಗೆ ಒಂದು ಮಾತು ಹೇಳಬಹುದಾಗಿದ್ದ ದಿನವೂ ಹಾಗೇ ಆಯಿತು. ಆಮೇಲೆ ಸೀರೆ ಕೊಟ್ಟೆ, ಬಾಣಂತನಕ್ಕೆ ಹೋದೆ, ಕಾಗದ ಬರೆದೆ. ಅವಳು ಎಲ್ಲಕ್ಕೂ ಸಂತೋಷಪಟ್ಟಳು. ಕಬಡ್ಡಿಯ ಮಾತು ಮಾತ್ರ ನಾವಿಬ್ಬರೂ ಎತ್ತುತ್ತಿರಲಿಲ್ಲ.

ಹೋದ ತಿಂಗಳು ಬಂದಾಗ ಅವಳೇ ಹಳೆಯ ನೆಗೆಟಿವ್ ಕೇಳಿದಳು. ಕಿಟಕಿಗೆ ಹಿಡಿದು, ಏನೂ ಇಲ್ಲದ ಆ ತಿಳಿ ಜಾಗದ ಮೇಲೆ ಉಗುರಿಟ್ಟು, "ಇಲ್ಲಿ, ಎಡಗಡೆ ಕೊನೆಯವಳು" ಎಂದು ತನ್ನ ಮಗಳಿಗೆ ತೋರಿಸಿದಳು. ಆ ಹುಡುಗಿಯೂ ಕಾಲೇಜಿನಲ್ಲಿ ಕಬಡ್ಡಿ ಆಡುತ್ತಾಳೆ.

ಮೊನ್ನೆ ಅವಳ ಪಂದ್ಯಕ್ಕೆ ಹೋಗಿದ್ದೆ. ಎಲ್ಲರ ಕೈಯಲ್ಲೂ ಮೊಬೈಲು. ನನ್ನದೊಂದೇ ಹಳೆಯ ಪೆಟ್ಟಿಗೆ. ಈ ಸಲ ಸುಳ್ಳನ್ನು 800ಕ್ಕೆ ಇಳಿಸಿದೆ. ಅಂಕಣದ ನಡುವೆ ಮೀಟರು 1/125 ಎಂದಿತು. ಹಿಂದೆ ಕೂತವರ ಹತ್ತಿರ ಹೋಗಿ ಹಿಡಿದರೆ 1/15. ಸ್ವಲ್ಪ ಹೊತ್ತು ನಿಂತು ಯೋಚಿಸಿ 1/60ಕ್ಕೆ ಇಟ್ಟೆ. ಓಡುವವರ ಕೈಕಾಲು ಕದಡಿರುತ್ತದೆ, ಖಂಡಿತ. ಫಿಲ್ಮು ಇನ್ನೂ ತೊಳೆದಿಲ್ಲ. ಸೆಕೆ ಜೋರಾಗಿದೆ, ಹೂಜಿಯ ನೀರು ಇನ್ನೂ 26ರಲ್ಲೇ ನಿಂತಿದೆ.